ಹೇಳು ನಿಮ್ಮಮ್ಮನಿಗೆ

ಹೋದ ತಿಂಗಳು ಕ್ಯಾಲನೂರಿಗೆ ನಮ್ಮ ನಾದಿನಿಯ ಮಗನ ಮನೆಗೆ ನಾಮಕರಣದ ಊಟಕ್ಕೆ ಹೋಗಿದ್ದೆ. ಉಂಡು ಕೈ ತೊಳೆಯಲು ಹಿತ್ತಲಿಗೆ ಬಂದಾಗ ಬಾಡಿದ ಹಿಪ್ಪುನೇರಳೆ ಸೊಪ್ಪು, ಹುಳುವಿನ ಹಿಕ್ಕೆ, ಸುಣ್ಣ, ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಅವರದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆ ಅಂತ ಮಾತ್ರ ಗೊತ್ತಿತ್ತು, ರೇಷ್ಮೆ ಹುಳುವನ್ನೂ ಸಾಕುತ್ತಾರೆ ಅಂತ ಗೊತ್ತಿರಲಿಲ್ಲ. ಬಾಣಂತಿ ಹುಡುಗಿ ನನ್ನ ಹಿಂದೆಯೇ ಬಂದವಳು, "ನೋಡ್ತೀರಾ ಅತ್ತೆ, ಮೂರನೇ ಜ್ವರದಿಂದ ಎದ್ದವೆ" ಅಂತ ಹುಳುಮನೆಯ ಬಾಗಿಲು ತೆಗೆದಳು. ನಾನು ಹೊಸಲಿನಿಂದ ಈಚೆಗೇ ನಿಂತೆ. ಅವಳು ಒಳಗೆ ಹೋಗಿ ತಟ್ಟೆಗಳ ಮೇಲೆ ಬಗ್ಗಿ ಬಗ್ಗಿ ನೋಡಿದಳು. ಹಾಲು ಸೋರಿ ಅವಳ ಹೊಸ ರವಿಕೆ ಮುಂದುಗಡೆ ಒದ್ದೆಯಾಗಿತ್ತು. ಅದರ ಪರಿವೆ ಅವಳಿಗೂ ಇರಲಿಲ್ಲ, ಹುಳುಗಳಿಗೂ ಇರಲಿಲ್ಲ. ಅವು ತಮ್ಮ ಪಾಡಿಗೆ ಸೊಪ್ಪು ತಿನ್ನುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ಇಷ್ಟಕ್ಕೇ ನಮ್ಮ ಮನೆ ಒಡೆಯಿತು. ಇಷ್ಟಕ್ಕೇ ಅಂದರೆ ಸುಳ್ಳಾಗುತ್ತದೆ. ಇದಕ್ಕೆ ಮತ್ತು ನನ್ನ ನಾಲಿಗೆಗೆ. ಆ ವರ್ಷದ ಬಗ್ಗೆ ನಾನು ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಈಗ ಮೊಮ್ಮಗಳ ಶಾಲೆಯಲ್ಲಿ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು, ಮಕ್ಕಳು ಮಕ್ಕಳನ್ನೇ ಹಿಂಸಿಸುವುದರ ಬಗ್ಗೆ ಭಾಷಣ ಮಾಡುತ್ತಾರೆ, ಅದಕ್ಕೊಂದು ಹೆಸರೂ ಇಟ್ಟಿದ್ದಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ಹಿಂಸೆಗೆ ಒಳಗಾದ ಮಗುವಿನ ಅಜ್ಜಿಯ ಮುಖ ಮಾಡುತ್ತಾರಲ್ಲ, ಹಾಗೇ ಮುಖ ಮಾಡಿಕೊಂಡಿರುತ್ತೇನೆ. ಇನ್ನೊಂದು ಕಡೆಯ ಅಜ್ಜಿಯರೂ ಅಲ್ಲಿ ಇರಲೇಬೇಕು.

ನಮ್ಮೂರು ಹುತ್ತೂರಿನಿಂದ ಮೂರು ಮೈಲಿ. ನಾನು ಏಳನೇ ಕ್ಲಾಸು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ, ಪಾಸಾದರೆ ಹೈಸ್ಕೂಲು, ಫೇಲಾದರೆ ಸೊಪ್ಪಿನ ತೋಟ. ಊರಿನಲ್ಲಿ ಹುಳು ಇಲ್ಲದ ಮನೆ ಐದೋ ಆರೋ ಇದ್ದಾವು. ನಮ್ಮ ಮನೆಯಲ್ಲಿ ಮನುಷ್ಯರಿಗೆ ಎರಡು ಅಂಕಣ, ಹುಳುಗಳಿಗೆ ಮೂರು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯೇ ಇಲ್ಲ. ಆ ಒಂದು ವಾರ ಮನೆಯವರು ತಮ್ಮ ಊಟ ಮರೆತು ಸೊಪ್ಪು ಹೊರುತ್ತಾರೆ. ಹುಳುಮನೆಗೆ ಎಲ್ಲರೂ ನುಗ್ಗುವ ಹಾಗಿಲ್ಲ. ಮೆಟ್ಟು ಬಿಟ್ಟು, ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಹೋಗಬೇಕು. ಹೊರಗಿನವರು, ಮುಟ್ಟಾದವರು, ಸೂತಕದವರು ಹೊಸಲು ದಾಟುವ ಹಾಗಿಲ್ಲ. ಈ ನಿಯಮಗಳನ್ನು ನಾವು ಮಗ್ಗಿಗಿಂತ ಮೊದಲೇ ಕಲಿತಿದ್ದೆವು.

ಆ ಆಷಾಢದಲ್ಲಿ ಅಮ್ಮನಿಗೆ ಗಂಡು ಮಗು ಹುಟ್ಟಿತು. ನಾನಾದ ಮೇಲೆ ಹನ್ನೆರಡು ವರ್ಷಕ್ಕೆ. ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದ. ಹದಿನೇಳನೇ ದಿನ ಮಗು ಹೋಯಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ, ಬೆಳಿಗ್ಗೆ ಹಾಲು ಕುಡಿದ ಮಗು ಮಧ್ಯಾಹ್ನ ಇರಲಿಲ್ಲ. ಅಮ್ಮ ಅಳಲಿಲ್ಲ. ಸುಮ್ಮನೆ ಕೂತುಬಿಟ್ಟಳು. ತಲೆ ಬಾಚು ಅಂದರೆ ಬಾಚಿಕೊಳ್ಳುವಳು, ಉಣ್ಣು ಅಂದರೆ ಉಣ್ಣುವಳು, ಯಾರೂ ಏನೂ ಹೇಳದಿದ್ದರೆ ಬೆಳಗಿನಿಂದ ಸಂಜೆವರೆಗೆ ಒಂದೇ ಕಡೆ ಇರುವಳು. ಎದೆಹಾಲು ಮಾತ್ರ ನಿಲ್ಲಲಿಲ್ಲ. ರವಿಕೆಯೊಳಗೆ ಬಟ್ಟೆ ಮಡಚಿ ಇಟ್ಟುಕೊಂಡರೂ ಒದ್ದೆಯಾಗುತ್ತಿತ್ತು.

ಮನೆಯಲ್ಲಿ ಜನ ಬಂದು ಹೋಗಿ ಮಾಡುತ್ತಿದ್ದರಲ್ಲ, ಅದರಿಂದ ತಪ್ಪಿಸಿಕೊಳ್ಳಲೋ ಏನೋ, ಅವಳು ಎರಡು ಮೂರು ಮಧ್ಯಾಹ್ನ ಹುಳುಮನೆಯಲ್ಲಿ ಹೋಗಿ ಕೂತಿದ್ದಳು. ಅಲ್ಲಿ ಬೆಚ್ಚಗಿರುತ್ತದೆ, ಯಾರೂ ಮಾತಾಡಿಸುವುದಿಲ್ಲ. ಆ ಬೆಳೆಗೆ ಹಾಲುತೊಂಡೆ ಬಿತ್ತು. ಹಾಲುತೊಂಡೆ ಬಂದ ಹುಳು ಊದಿಕೊಂಡು ಮಿರಿಮಿರಿ ಮಿಂಚುತ್ತದೆ, ತಟ್ಟೆಯ ಅಂಚಿನಲ್ಲೇ ಸುತ್ತಾಡುತ್ತದೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಆ ನೀರು ತಾಗಿದ ಹುಳುಗಳೆಲ್ಲ ಸಾಯುತ್ತವೆ. ಕಾಯಿಲೆ ಬಂದವನ್ನು ಕಡ್ಡಿಯಲ್ಲಿ ಹಿಡಿದು ಆರಿಸಿ ಸುಣ್ಣದ ಗುಂಡಿಗೆ ಹಾಕುವುದೊಂದೇ ದಾರಿ. ಆ ಸಲ ಆರಿಸುವ ಕೆಲಸವೂ ಉಳಿಯಲಿಲ್ಲ, ತಟ್ಟೆಗಳನ್ನೇ ಎತ್ತಿ ಗುಂಡಿಗೆ ಸುರಿದರು.

ನಮ್ಮಜ್ಜಿ, ಅಪ್ಪನ ತಾಯಿ, ಗುಂಡಿಯ ಪಕ್ಕ ನಿಂತು ಅಮ್ಮನ ಒದ್ದೆ ರವಿಕೆಯನ್ನು ನೋಡಿದಳು. ಬಿಳಿಯ ಗುಂಡಿಯನ್ನು ನೋಡಿದಳು. ಅವಳ ಲೆಕ್ಕ ಅಲ್ಲೇ ಮುಗಿಯಿತು. "ಇವಳ ಹಾಲು ನನ್ನ ಮೊಮ್ಮಗನಿಗೂ ಆಗ್ಲಿಲ್ಲ, ಹುಳಕ್ಕೂ ಆಗ್ಲಿಲ್ಲ" ಅಂದಳು. ಜೋರಾಗಿ ಹೇಳಲಿಲ್ಲ, ಅಜ್ಜಿ ಜೋರಾಗಿ ಮಾತಾಡುವವಳೇ ಅಲ್ಲ. ಅವತ್ತಿನಿಂದ ಅಮ್ಮ ಹುಳುಮನೆಯ ಹೊಸಲು ದಾಟಬಾರದು, ಸೊಪ್ಪು ಮುಟ್ಟಬಾರದು ಎಂದಾಯಿತು. ರೇಷ್ಮೆ ಮನೆಯಲ್ಲಿ ಹುಳುವನ್ನೂ ಸೊಪ್ಪನ್ನೂ ಮುಟ್ಟದ ಹೆಂಗಸು ಅಂದರೆ ಮನೆಗೆ ಬಂದ ನೆಂಟರಿಗಿಂತ ಕಡೆ. ಇನ್ನೂ ಒಂದೆರಡು ಬೆಳೆ ನೋಡೋಣ, ಹೀಗೇ ಇದ್ದರೆ ಅವಳ ಅಣ್ಣನನ್ನು ಕರೆಸಿ ಕಳಿಸಿಬಿಡೋಣ ಅಂತ ಅಜ್ಜಿ ಅಪ್ಪನ ಹತ್ತಿರ ಹೇಳುವುದನ್ನು ನಾನು ಕೇಳಿಸಿಕೊಂಡೆ. ಅಮ್ಮನ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹತ್ತಿರ. ಅಲ್ಲಿಗೆ ಹಾಗೆ ಕಳಿಸಿದವರು ತಿರುಗಿ ಬಂದದ್ದನ್ನು ನಾನು ನಮ್ಮೂರಿನಲ್ಲಿ ನೋಡಿರಲಿಲ್ಲ. ಆ ವರ್ಷವೆಲ್ಲ ನನಗೆ ಇದ್ದ ಭಯ ಇದೊಂದೇ, ಪರೀಕ್ಷೆಯ ಭಯ ಇದರ ಮುಂದೆ ಏನೂ ಅಲ್ಲ.

ಅಪ್ಪ ಅಮ್ಮನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಅವನಿಗೂ ಮಗು ಹೋದ ಸಂಕಟ ಇತ್ತು ಅಂತ ಈಗ ಅರ್ಥವಾಗುತ್ತದೆ, ಸಂಕಟವನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಬಾಯಿ ಮುಚ್ಚಿಕೊಂಡ. ಆದರೆ ಒಂದು ಮನೆಯಲ್ಲಿ ಇದ್ದ ಮೇಲೆ ಹೇಳುವುದು ಕೇಳುವುದು ಇದ್ದೇ ಇರುತ್ತದೆ. ಅದಕ್ಕೆ ನಾನಿದ್ದೆ. ಅಮ್ಮ ಎರಡು ಮಾರು ದೂರದಲ್ಲಿ ಕೂತಿದ್ದರೂ, "ಹೇಳು ನಿಮ್ಮಮ್ಮನಿಗೆ, ಮಧ್ಯಾಹ್ನ ಹುತ್ತೂರಿಗೆ ಹೋಗ್ತೀನಿ, ಊಟಕ್ಕೆ ಬರಲ್ಲ" ಅನ್ನುತ್ತಿದ್ದ. ನಾನು ತಿರುಗಿ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ನನ್ನ ಮುಖ ನೋಡಿ "ಹೂಂ" ಅನ್ನುತ್ತಿದ್ದಳು. ನಾನು ತಿರುಗಿ ಅಪ್ಪನಿಗೆ ಹೂಂ ಅಂತೆ ಅನ್ನುತ್ತಿದ್ದೆ. ಮೊದಮೊದಲು ಇದು ಆಟದ ಹಾಗಿತ್ತು. ಆಮೇಲೆ ನನಗೆ ತಿಳಿಯಿತು, ಒಬ್ಬರ ಎದುರಿಗೇ ಅವರು ಇಲ್ಲ ಎನ್ನುವ ಹಾಗೆ ಮಾತಾಡಿದರೆ ಅವರು ದಿನದಿನಕ್ಕೂ ಸಣ್ಣಗಾಗುತ್ತಾ ಹೋಗುತ್ತಾರೆ. ಕೈ ಎತ್ತುವುದೇ ಬೇಕಿಲ್ಲ. ಇದನ್ನು ನಾನು ಮನೆಯಲ್ಲಿ ಕಲಿತೆ, ಚೆನ್ನಾಗಿ ಕಲಿತೆ.

ಯಶೋದ ದಸರಾ ರಜೆ ಕಳೆದ ಮೇಲೆ ನಮ್ಮ ಕ್ಲಾಸಿಗೆ ಬಂದಳು. ಮಾಲೂರಿನವಳು. ಅಪ್ಪ ಅಲ್ಲಿ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ನಮ್ಮೂರಿನಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು, ಹುಳು ಸಾಕದ ನಾಲ್ಕಾರು ಮನೆಗಳಲ್ಲಿ ಅದೂ ಒಂದು. ಲೆಕ್ಕದಲ್ಲಿ ಚುರುಕು. ಏಳನೇ ಕ್ಲಾಸು ಪಾಸು ಮಾಡಿದರೆ ಹೈಸ್ಕೂಲಿಗೂ ತಾನೇ ಸೇರಿಸುತ್ತೇನೆ, ಇಲ್ಲದಿದ್ದರೆ ವಾಪಸು ಅಪ್ಪನ ಹತ್ತಿರ ಹೋಗಬೇಕು ಅಂತ ಚಿಕ್ಕಮ್ಮ ಹೇಳಿದ್ದಳಂತೆ. ಅವಳು ನನ್ನ ಪಕ್ಕವೇ ಕೂತಳು. ಶಾಲೆ ಬಿಟ್ಟ ಮೇಲೆ ನಾನು ಸೊಪ್ಪು ಕೊಯ್ಯಲು ಹೋದರೆ ಜೊತೆಗೆ ಬರುತ್ತಿದ್ದಳು, ಕೊಯ್ಯುತ್ತಲೇ ಇಬ್ಬರೂ ಲೆಕ್ಕ ಬಾಯಲ್ಲಿ ಬಿಡಿಸುತ್ತಿದ್ದೆವು. ನನಗೆ ಅಂಥ ಸ್ನೇಹಿತೆ ಅದಕ್ಕೆ ಮುಂಚೆ ಇರಲಿಲ್ಲ. ಅದಾದ ಮೇಲೂ ಸಿಗಲಿಲ್ಲ, ಅದು ನ್ಯಾಯವೇ.

ಒಂದು ದಿನ ಸೊಪ್ಪಿನ ಹೊರೆ ಇಳಿಸಲು ನಮ್ಮ ಮನೆಗೆ ಬಂದವಳು ಜಗಲಿಯಲ್ಲಿ ಕೂತಿದ್ದ ಅಮ್ಮನನ್ನು ಬಹಳ ಹೊತ್ತು ನೋಡಿದಳು. ಮಾರನೆಯ ದಿನ ತೋಟದಲ್ಲಿ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು, ತನ್ನ ಅಮ್ಮ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದ್ದಾಳೆ ಅಂತ ಹೇಳಿದಳು. ತಮ್ಮ ಹುಟ್ಟಿದ ಮೇಲೆ ಹಾಗಾಯಿತಂತೆ. ಹೇಳುವಾಗ ಅಳಲಿಲ್ಲ. ಹೇಳಿ ಮುಗಿಸಿ, ನನ್ನ ಕೈ ಹಿಡಿದುಕೊಂಡು ಕೇಳಿದಳು:

"ನಿಮ್ಮಮ್ಮನೂ ಹಂಗೇ ಅಲ್ವಾ ಭಾಗ್ಯ?"

ಅವಳು ಕೇಳಿದ್ದು ಅಕ್ಕರೆಯಿಂದ. ನಾವಿಬ್ಬರೂ ಒಂದೇ ಕಷ್ಟದವರು, ಇನ್ನು ಮುಚ್ಚಿಟ್ಟುಕೊಳ್ಳುವುದು ಬೇಡ ಎನ್ನುವ ಹಾಗೆ. ನನಗೆ ಮಾತ್ರ ಭಯವಾಯಿತು. ಅಲ್ಲಿಯವರೆಗೆ ಆ ಮಾತನ್ನು ಯಾರೂ ಆಡಿರಲಿಲ್ಲ, ಅಜ್ಜಿ ಕೂಡ. ಇವಳು ಇನ್ನೊಬ್ಬರ ಹತ್ತಿರ ಆಡಿದರೆ, ಅದು ಬಾವಿಕಟ್ಟೆಗೆ ಹೋಗಿ ಅಜ್ಜಿಯ ಕಿವಿಗೆ ಬಿದ್ದರೆ, ಅಮ್ಮ ಮುಳಬಾಗಿಲಿನ ಬಸ್ಸು ಹತ್ತಿದ ಹಾಗೇ. ಹನ್ನೆರಡು ವರ್ಷದ ತಲೆಗೆ ಹೊಳೆದ ಉಪಾಯ ಒಂದೇ, ಇವಳ ಬಾಯಿಂದ ಬಂದದ್ದನ್ನು ಯಾರೂ ನಂಬದ ಹಾಗೆ ಮಾಡುವುದು. ಕೈ ಬಿಡಿಸಿಕೊಂಡು ಇಲ್ಲ ಅಂದೆ.

ಮಾರನೆಯ ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಹುಡುಗಿಯರಿಗೆಲ್ಲ ಹೇಳಿದೆ. ಅವಳಮ್ಮ ಹುಚ್ಚಾಸ್ಪತ್ರೆಯಲ್ಲಿದ್ದಾಳೆ, ಅದು ಅಂಟುಜಾಡ್ಯ, ಇವಳಿಗೂ ಹಾಲುತೊಂಡೆ ಅಂದೆ. ಹಾಲುತೊಂಡೆ ಅಂದದ್ದೇ ತಡ, ಎಲ್ಲರಿಗೂ ಅರ್ಥವಾಯಿತು. ನಾವೆಲ್ಲ ಹುಳುವಿನ ಮನೆಯ ಮಕ್ಕಳು. ಕಾಯಿಲೆ ಬಂದದ್ದನ್ನು ಮುಟ್ಟಬಾರದು, ಬೇರೆ ತಟ್ಟೆಗೆ ಸೇರಿಸಬಾರದು, ಅಪ್ಪಿತಪ್ಪಿ ಮುಟ್ಟಿದರೆ ಸುಣ್ಣ ತಿಕ್ಕಿಕೊಳ್ಳಬೇಕು ಎನ್ನುವುದನ್ನು ಯಾರಿಗೂ ಕಲಿಸಬೇಕಾಗಲಿಲ್ಲ. ಕರಿಹಲಗೆಯ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರುಗಳನ್ನು ಪುಡಿ ಮಾಡಿ ಒಂದು ಡಬ್ಬಿಗೆ ತುಂಬಿದೆವು. ಯಶೋದಳ ಪುಸ್ತಕ ತಾಗಿದರೆ, ಲಂಗ ತಾಗಿದರೆ, ಓಡಿಹೋಗಿ ಡಬ್ಬಿಗೆ ಕೈ ಹಾಕಬೇಕು. ಹಾಕದಿದ್ದವರಿಗೂ ಕಾಯಿಲೆ. ಅವಳ ಜೊತೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಅವಳ ಎದುರಿಗೇ ನಿಂತು ಇನ್ನೊಬ್ಬಳಿಗೆ ಹೇಳಬೇಕು, "ಹೇಳು ಅವಳಿಗೆ, ಜಾಗ ಬಿಡು ಅಂತ." ಇದು ನನ್ನದೇ ಕಾಣಿಕೆ. ಹುಡುಗರೂ ಸೇರಿಕೊಂಡರು. ನಾನು ಒಂದು ಸಲವೂ ಅವಳನ್ನು ಹೊಡೆಯಲಿಲ್ಲ, ಒಂದು ಬೈಗುಳ ಬೈಯಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೊಡೆಯುತ್ತಿರಲಿಲ್ಲವಲ್ಲ.

ಅವಳು ಎಲ್ಲರಿಗೂ ನನ್ನ ಅಮ್ಮನ ವಿಷಯ ಹೇಳಿಬಿಡುತ್ತಾಳೆ ಅಂತ ನಾನು ಕಾದೆ. ಹೇಳಲಿಲ್ಲ. ಒಂದೇ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಮಾಡಿದ್ದಕ್ಕೊಂದು ಕಾರಣವಾದರೂ ಇರುತ್ತಿತ್ತು. ಅವಳ ಬಾಯಿಂದ ಒಂದು ಮಾತೂ ಬರದೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಜಗಲಿಯ ಮೇಲೆ ಕೂತಿರುತ್ತಿದ್ದ ಅಮ್ಮನ ಮೇಲೆ ಬರುತ್ತಿದ್ದಂಥದೇ ಸಿಟ್ಟು ಅದು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಲೆಕ್ಕದ ನೋಟ್‌ಬುಕ್ಕುಗಳನ್ನು ಹಂಚಲು ಯಶೋದಳಿಗೆ ಹೇಳಿದರು. ನಮ್ಮ ಮೇಷ್ಟ್ರು ಒಳ್ಳೆಯವರು, ಆದರೆ ದೃಷ್ಟಿ ಮಂದ, ನಾಲ್ಕು ಕ್ಲಾಸನ್ನು ಒಬ್ಬರೇ ನೋಡುತ್ತಿದ್ದರು. ಅವಳು ಎದ್ದು ನೇರವಾಗಿ ನಮ್ಮ ಡಬ್ಬಿಯ ಹತ್ತಿರ ಹೋದಳು. ಎರಡೂ ಕೈಗೆ ಮುಂಗೈವರೆಗೆ ಸೀಮೆಸುಣ್ಣ ಬಳಿದುಕೊಂಡಳು. ಆಮೇಲೆ ನೋಟ್‌ಬುಕ್ಕು ಎತ್ತಿಕೊಂಡು ಒಬ್ಬೊಬ್ಬರಿಗೂ ಕೊಡುತ್ತಾ ಬಂದಳು. ಯಾರೂ ನಗಲಿಲ್ಲ. ನನ್ನ ಬಳಿ ಬಂದಾಗ ನೋಟ್‌ಬುಕ್ಕನ್ನು ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು, ನಾನು ಎತ್ತಿಕೊಳ್ಳಲಿ ಅಂತ. ನಾನು ಎತ್ತಿಕೊಂಡೆ. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಒಂದು ವಾರ ಕಳೆಯಿತು. ಚಿಕ್ಕಮ್ಮ ಹೋಗಿ ಮೇಷ್ಟ್ರಿಗೆ ಏನು ಹೇಳಿದಳೋ, ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು, ಅಪ್ಪನಿಗೆ ಉಸಿರಾಡಲೂ ಬಿಡುವಿರಲಿಲ್ಲ. ಹುಳುಮನೆಯ ಹೊರಗೇ ನಿಂತು ಮೇಷ್ಟ್ರು ಎಲ್ಲವನ್ನೂ ಹೇಳಿದರು. ಹುಡುಗಿ ಊಟ ಬಿಟ್ಟಿದ್ದಾಳೆ, ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಾಳೆ ಅಂದರು. ನಿಮ್ಮ ಮಗಳು ಒಂದು ಮಾತು ಹೇಳಿದರೆ ಮಕ್ಕಳೆಲ್ಲ ನಿಲ್ಲಿಸುತ್ತಾರೆ, ಅವಳೇ ಹೋಗಿ ಕರೆದರೆ ಆ ಹುಡುಗಿ ಬಂದು ಪರೀಕ್ಷೆ ಬರೆಯುತ್ತಾಳೆ, ಅಪ್ಪ ಅಮ್ಮ ಇಬ್ಬರೂ ಕೂರಿಸಿಕೊಂಡು ಬುದ್ಧಿ ಹೇಳಿ ಅಂದರು. ಅಪ್ಪ ಸೊಪ್ಪಿನ ಬುಟ್ಟಿ ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಮೇಷ್ಟ್ರು ಹೋದ ಮೇಲೆ ನನ್ನನ್ನು ಕರೆದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವನು ಬಹಳ ದಣಿದಿದ್ದ.

"ಹೆಣ್ಣುಮಕ್ಕಳ ಬುದ್ಧಿ ಅಮ್ಮಂದಿರು ನೋಡ್ಕೊಬೇಕು" ಅಂದ. "ಹೋಗು, ಹೇಳು ನಿಮ್ಮಮ್ಮನಿಗೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳು. ಅವಳು ಏನಂತಾಳೋ ಬಂದು ನಂಗೆ ಹೇಳು."

ಈಗ ಯೋಚಿಸಿದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ನನ್ನ ತಪ್ಪನ್ನು ನನ್ನ ಕೈಯಲ್ಲೇ ಕೊಟ್ಟು ಅಮ್ಮನಿಗೆ ತಲುಪಿಸಲು ಕಳಿಸಿದರು. ಬೇರೆ ದಾರಿಯೂ ಇರಲಿಲ್ಲ, ಆರು ತಿಂಗಳಿನಿಂದ ಆ ಮನೆಯಲ್ಲಿ ಎಲ್ಲ ಮಾತೂ ನನ್ನ ಮೂಲಕವೇ ಹೋಗುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಅವಳು ತಲೆ ಎತ್ತಿ, ಅಪ್ಪ ಏನು ಹೇಳಿ ಕಳಿಸಿದ್ದಾನೆ ಎನ್ನುವ ಹಾಗೆ ನೋಡಿದಳು. ಆ ನೋಟದಲ್ಲಿ ಯಾವಾಗಲೂ ಇರುತ್ತಿದ್ದ ಸಣ್ಣ ಆಸೆ ಅವತ್ತೂ ಇತ್ತು, ಈ ಸಲವಾದರೂ ಬಿಸಿನೀರು ಊಟ ಬಿಟ್ಟು ಬೇರೆ ಏನಾದರೂ ಹೇಳಿದ್ದಾನೆಯೇ ಅಂತ. ಹೇಳಬೇಕು ಅಂತಲೇ ಬಾಯಿ ತೆರೆದೆ. ಆದರೆ ಹೇಳುವುದೇನು? ಹುಚ್ಚಾಸ್ಪತ್ರೆ ಎನ್ನುವ ಮಾತನ್ನು ಅವಳ ಎದುರಿಗೆ ಹೇಗೆ ಆಡುವುದು? ನಿನ್ನ ಹಾಲಿನ ಮೇಲೆ ಅಜ್ಜಿ ಹೊರಿಸಿದ ಮಾತನ್ನೇ ಇನ್ನೊಬ್ಬಳಿಗೆ ಹೆಸರಾಗಿ ಇಟ್ಟೆ ಅಂತ ಹೇಗೆ ಹೇಳುವುದು?

"ಅಪ್ಪ ಕಾಫಿ ಕೇಳ್ತಾವ್ರೆ" ಅಂದೆ.

ಕಾಫಿ ತಗೊಂಡು ಹೋಗಿ ಅಪ್ಪನಿಗೆ ಕೊಟ್ಟೆ. ಅವನು ಲೋಟ ಹಿಡಿದು, ಏನಂದಳು ಅಂತ ಕೇಳಿದ. ಏನಾದರೂ ಒಂದು ಹೇಳಿ ಮುಗಿಸಬೇಕಿತ್ತು. "ನಾನು ಬುದ್ಧಿ ಹೇಳ್ತೀನಿ, ನೀವು ಯೋಚನೆ ಮಾಡ್ಬೇಡಿ ಅಂದ್ಲು" ಅಂದೆ. "ನಿಮಗೆ ಹುಳದ ಕೆಲಸ ಜಾಸ್ತಿ ಆಗೈತೆ, ಕಾಫಿ ಕುಡೀರಿ ಅಂದ್ಲು" ಅಂತ ಇನ್ನೊಂದು ಮಾತನ್ನೂ ಸೇರಿಸಿದೆ. ಅಪ್ಪ ಲೋಟವನ್ನು ತುಟಿಯ ಹತ್ತಿರ ಹಿಡಿದುಕೊಂಡೇ ನಿಂತ. "ಹಂಗಂದ್ಲಾ?" ಅಂದ. ಆರು ತಿಂಗಳಲ್ಲಿ ಅವನ ಮುಖ ಹಾಗೆ ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. ಹೌದು ಅಂದೆ. ಸುಳ್ಳು ಹೇಳಿದ್ದಕ್ಕೆ ಭಯವಾಗಲಿಲ್ಲ, ಖುಷಿಯಾಯಿತು.

ಯಶೋದಳನ್ನು ಕರೆಯಲು ನಾನು ಹೋಗಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ. ಮಾರನೆಯ ದಿನವೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಹುಳು ಹಣ್ಣಾದವು, ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಟ್ಟರು, ಗೂಡು ಕಟ್ಟಿದವು. ಎರಡು ವರ್ಷದಲ್ಲಿ ಅಂಥ ಬೆಳೆ ಬಂದಿರಲಿಲ್ಲ. ಗೂಡು ಬಿಡಿಸುವ ದಿನ ಅಪ್ಪ ಕೈತುಂಬ ಬಿಳಿ ಗೂಡು ಹಿಡಿದುಕೊಂಡು ನೇರವಾಗಿ ಅಡುಗೆಮನೆಗೆ ಹೋದ. ಅಜ್ಜಿ ಒರಳಿನ ಹತ್ತಿರ ಕೂತಿದ್ದಳು, ನಾನು ಅವಳ ಪಕ್ಕ ಇದ್ದೆ. ಅಪ್ಪ ಗೂಡುಗಳನ್ನು ಅಮ್ಮನ ಮುಂದಿನ ಮೊರದಲ್ಲಿ ಸುರಿದ. ಅವಳು ಮುಟ್ಟಬಾರದೆಂದು ಹೇಳಿದ್ದು ಅವನಿಗೆ ಮರೆತಿತ್ತೋ, ಮರೆತ ಹಾಗೆ ಮಾಡಿದನೋ.

"ಭಾಗ್ಯಂಗೆ ಬುದ್ಧಿ ಹೇಳಿದ್ಯಂತೆ" ಅಂದ. "ಒಳ್ಳೇದಾಯ್ತು."

ಮಗು ಹೋದ ಮೇಲೆ ಅವನು ಅವಳ ಮುಖ ನೋಡಿ ಆಡಿದ ಮೊದಲ ಮಾತು ಅದು. ಅಮ್ಮನಿಗೆ ಮಾತು ತನ್ನ ಕಡೆಗೇ ಬಂತು ಅಂತ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಗಾಬರಿಯಿಂದ ಎದ್ದು ನಿಂತಳು. "ಯಾವ ಬುದ್ಧಿ?" ಅಂದಳು.

"ಮೇಷ್ಟ್ರು ಬಂದು ಹೇಳಿದ್ರಲ್ಲ, ಆ ಯಶೋದನ ವಿಷಯ."

"ಯಾವ ಯಶೋದ? ಮೇಷ್ಟ್ರು ಯಾವಾಗ ಬಂದಿದ್ರು?"

ಅಪ್ಪ ನನ್ನ ಕಡೆ ತಿರುಗಿದ. ಅಜ್ಜಿ ರುಬ್ಬುವುದನ್ನು ನಿಲ್ಲಿಸಿದಳು. ನೀನು ನಿಮ್ಮಮ್ಮನಿಗೆ ಹೇಳಿದೆ ತಾನೇ ಅಂತ ಅಪ್ಪ ಕೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. ಹೌದು ಅನ್ನು ಅಂತ ಬೇಡುತ್ತಿದ್ದನೋ, ಇಲ್ಲ ಅನ್ನು ಅಂತ ಬೇಡುತ್ತಿದ್ದನೋ ನನಗೆ ಇವತ್ತಿಗೂ ತಿಳಿಯದು. ನಿಜ ಹೇಳಿದರೆ ಅಮ್ಮ ಉಳಿಯುತ್ತಾಳೆ, ನನ್ನ ಎರಡು ಸುಳ್ಳೂ ಸುಣ್ಣದ ಡಬ್ಬಿಯೂ ಅಮ್ಮನ ಮುಂದೆ ಹೊರಗೆ ಬೀಳುತ್ತವೆ. ಇಷ್ಟೂ ನನಗೆ ಆಗಲೇ ಅರ್ಥವಾಗಿತ್ತು. ಚಿಕ್ಕವಳು, ತಿಳಿಯಲಿಲ್ಲ ಅಂತ ಹೇಳಿಕೊಳ್ಳುವ ಹಾಗಿಲ್ಲ.

"ಹೇಳ್ದೆ" ಅಂದೆ. "ಎಲ್ಲಾ ಹೇಳ್ದೆ. ಹೂಂ ಅಂದಿದ್ಲು."

ಅಮ್ಮ ನನ್ನನ್ನು ನೋಡಿದಳು. ಸುಳ್ಳು ಹೇಳುತ್ತೀಯ ಅಂತ ಅನ್ನಲಿಲ್ಲ. ಹಣೆಯ ಮೇಲೆ ಕೈಯಿಟ್ಟುಕೊಂಡು, ಕಳೆದುಹೋದ ವಸ್ತು ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಹೇಳಿದ್ಲೇನೋ" ಅಂದಳು. ಅಪ್ಪ ಮೊರದಿಂದ ಗೂಡುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡು ಹೊರಗೆ ಹೋದ. ಪೋನೀ, ಹೋಗಲಿ ಬಿಡು, ಇಷ್ಟು ದಿನ ಮನಸ್ಸು ಕೆಟ್ಟಿತ್ತು, ಈಗ ತಲೆಯೂ ಕೆಟ್ಟಿತು ಅಂತ ಅಜ್ಜಿ ಒರಳಿಗೆ ಹೇಳಿದಳು. ಅವತ್ತೇ ಸಂಜೆ ಮಾವನಿಗೆ ಕಾರ್ಡು ಬರೆಸಿದರು. ಬರೆದವಳು ನಾನು, ಮನೆಯಲ್ಲಿ ಚೆನ್ನಾಗಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ.

ಮಾವ ಬಂದದ್ದು ಶಿವರಾತ್ರಿಯ ಹಿಂದಿನ ದಿನ. ಅಮ್ಮ ಒಂದು ಟ್ರಂಕು, ಒಂದು ಚೀಲ ಹಿಡಿದು ಹೊರಟಳು. ಯಾಕೆ ಅಂತ ಕೇಳಲಿಲ್ಲ. ಅಪ್ಪ ಹುಳುಮನೆ ತೊಳೆಯುತ್ತಿದ್ದವನು ಹೊರಗೆ ಬರಲಿಲ್ಲ. ಹುತ್ತೂರಿನವರೆಗೆ ನಾನು ಟ್ರಂಕಿನ ಒಂದು ಬದಿ ಹಿಡಿದುಕೊಂಡು ಹೋದೆ. ಬಸ್ಸು ಬರುವವರೆಗೆ ಅಮ್ಮ ನನ್ನ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು. ಪರೀಕ್ಷೆ ಚೆನ್ನಾಗಿ ಬರಿ ಅಂದಳು.

ಯಶೋದ ಅದಕ್ಕೂ ನಾಲ್ಕು ದಿನ ಮುಂಚೆ ಮಾಲೂರಿಗೆ ಹೋಗಿಯಾಗಿತ್ತು. ಅವರಪ್ಪ ಬಂದು ಕರೆದುಕೊಂಡು ಹೋದನಂತೆ, ಇಟ್ಟಿಗೆ ಹೊರುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರೆ, ಓದು ಸಾಕು ಅಂದನಂತೆ. ಪರೀಕ್ಷೆಯ ಕೋಣೆಯಲ್ಲಿ ಅವಳ ನಂಬರು ನನ್ನ ಹಿಂದೆಯೇ ಇತ್ತು. ಡೆಸ್ಕಿನ ಮೇಲೆ ನಂಬರನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು, ಮೊದಲ ದಿನ ಅದರ ಮೇಲೂ ಪ್ರಶ್ನೆಪತ್ರಿಕೆ ಇಟ್ಟರು, ಆಮೇಲೆ ಇಡಲಿಲ್ಲ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಎಂಬತ್ತರ ದಶಕದಲ್ಲಿ, ಕೆಲಸಕ್ಕೆ ಸೇರಿದ ಮೇಲೆ, ಎರಡು ಸಲ ಮಾಲೂರಿಗೆ ಹೋಗಿ ಇಟ್ಟಿಗೆ ಗೂಡುಗಳಲ್ಲಿ ವಿಚಾರಿಸಿದೆ. ಆ ಜನ ಒಂದು ಕಡೆ ನಿಲ್ಲುವವರಲ್ಲ ಅಂದರು. ಯಶೋದ ಎನ್ನುವ ಹೆಸರಿನವರು ಮೂವರು ಸಿಕ್ಕಿದರು, ಯಾರೂ ಅವಳಲ್ಲ.

ಅಮ್ಮ ತವರಿನಲ್ಲೇ ಒಂಬತ್ತು ವರ್ಷ ಬದುಕಿದಳು. ಅಪ್ಪ ಒಂದು ಸಲವೂ ಹೋಗಲಿಲ್ಲ, ಬೇರೆ ಮದುವೆಯನ್ನೂ ಆಗಲಿಲ್ಲ. ಮನೆಯಲ್ಲಿ ಇನ್ನು ಒಬ್ಬರ ಮಾತು ಒಬ್ಬರಿಗೆ ಮುಟ್ಟಿಸುವ ಕೆಲಸ ಇರಲಿಲ್ಲವಾದ್ದರಿಂದ ಅವನು ನನ್ನ ಜೊತೆಯೂ ಮಾತು ಕಡಿಮೆ ಮಾಡಿದ.

ಪರೀಕ್ಷೆ ಮುಗಿದ ಆ ಬೇಸಿಗೆ ರಜೆಯಲ್ಲಿ ಮಾತ್ರ ನನ್ನನ್ನು ಹದಿನೈದು ದಿನ ಅಲ್ಲಿಗೆ ಕಳಿಸಿದ್ದರು. ಮಾವನ ಮನೆಯಲ್ಲಿ ಅಮ್ಮನಿಗೆ ಹಿತ್ತಲಿನ ಕೊಠಡಿ ಕೊಟ್ಟಿದ್ದರು, ಅವಳು ಹುಣಸೆಹಣ್ಣು ಬಿಡಿಸುವ ಕೆಲಸ ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿಬಿಡಬೇಕು ಅಂತ ನಾನು ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ನಿಜ ಗೊತ್ತಾದರೆ ಅಪ್ಪ ಬಂದು ಕರೆದುಕೊಂಡು ಹೋಗಬಹುದು ಅಂತಲೂ ಅಂದುಕೊಂಡಿದ್ದೆ. ಹೊರಡುವ ಹಿಂದಿನ ಮಧ್ಯಾಹ್ನ ಅವಳ ಎದುರಿಗೆ ಕೂತು ನಾನೂ ಹುಣಸೆಬೀಜ ತೆಗೆಯುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಅವತ್ತು ನೀನು ಬಂದು ಹೇಳಿದ್ದನ್ನ ನಾನು ಮರೆತುಬಿಟ್ಟೆ ಕಣಮ್ಮ" ಅಂದಳು. "ದಿನಾ ಕೂತು ನೆನಪು ಮಾಡ್ಕೋತೀನಿ. ನೀನು ಬಾಗಿಲಲ್ಲಿ ನಿಂತಿದ್ದು ಜ್ಞಾಪಕ ಐತೆ. ಕಾಫಿ ಕೇಳಿದ್ದು ಜ್ಞಾಪಕ ಐತೆ. ಆಮೇಲಿಂದು ಬರೋದೇ ಇಲ್ಲ. ನಿಮ್ಮಜ್ಜಿ ಹೇಳಿದ್ದು ಸರೀನೇ ಇರ್ಬೇಕು, ನಂಗೆ ತಲೆ ಸರಿಯಿಲ್ಲ. ನಿನ್ನ ಮಾತನ್ನ ಮರೆತೆ ಅಂತ ಬೇಜಾರು ಮಾಡ್ಕೋಬೇಡ."

ಅಷ್ಟು ಉದ್ದದ ಮಾತನ್ನು ಅವಳು ಒಂದು ವರ್ಷದಿಂದ ಆಡಿರಲಿಲ್ಲ. ಹೇಳಿ ನನ್ನ ಮುಖವನ್ನೇ ನೋಡುತ್ತಾ ಕೂತಳು.

"ಹೋಗ್ಲಿ ಬಿಡಮ್ಮ" ಅಂದೆ. ಅವಳಿಗೆ ಎಷ್ಟೋ ಹಗುರವಾಯಿತು ಅಂತ ಕಾಣುತ್ತದೆ, ಕಣ್ಣು ಒರೆಸಿಕೊಂಡು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.